ಅಂಗವಿಕಲ ಮಗುವಿನ ಹೊಣೆ ಒಬ್ಬ ತಾಯಿಯದಲ್ಲ

(ದಾವಣಗೆರೆಯ ಗಿರಣಿ ಕೆಲಸಗಾರರು ಮತ್ತು ಸಣ್ಣ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ಕೂಲಿ, ಬೋನಸ್ಸು, ತೂಕದ ಮೋಸ, ಅಂಗಡಿ ಬಾಡಿಗೆ ಇವುಗಳ ವಿಚಾರವಾಗಿ ನಾವು ಎಷ್ಟೋ ಸಭೆಗಳಲ್ಲಿ ಮಾತನಾಡಿದ್ದೇವೆ. ಇಂದು ಎತ್ತಿಕೊಂಡಿರುವ ವಿಷಯ ನಮ್ಮ ಬೇಡಿಕೆಗಳ ಪಟ್ಟಿಯಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ. ಅಂಗವಿಕಲ ಮಗುವಿರುವ ಮನೆಯ ವಿಷಯ ಅದು. "ಅದು ಅವರವರ ಮನೆಯ ಕಷ್ಟ, ಸಂಘಕ್ಕೆ ಏನು ಸಂಬಂಧ?" ಎಂದು ಕೇಳುವವರಿದ್ದಾರೆ. ಸಂಬಂಧವಿದೆ. ಅದನ್ನು ತೋರಿಸಿಕೊಡುವುದಕ್ಕಾಗಿಯೇ ಇಂದು ನಿಂತಿದ್ದೇವೆ.

2011ರ ಜನಗಣತಿಯ ಪ್ರಕಾರ ದೇಶದಲ್ಲಿ 2.68 ಕೋಟಿ ಅಂಗವಿಕಲರಿದ್ದರು. ಕರ್ನಾಟಕ ಒಂದರಲ್ಲೇ 13.24 ಲಕ್ಷ. ಆ ಎಣಿಕೆಯಲ್ಲಿ ಸೇರದ ಎಷ್ಟೋ ತೊಂದರೆಗಳನ್ನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಒಪ್ಪಿಕೊಂಡು, ಒಟ್ಟು 21 ಬಗೆಯ ವೈಕಲ್ಯಗಳನ್ನು ಹೆಸರಿಸಿದೆ. ಅಂದಮೇಲೆ ನಿಜವಾದ ಸಂಖ್ಯೆ ಹೆಚ್ಚೇ ಇದ್ದೀತು. ನಮ್ಮ ಕೇರಿಗಳಲ್ಲಿ, ನಮ್ಮ ಪೇಟೆಯ ಸಾಲುಗಳಲ್ಲಿ ಇಂಥ ಮನೆಗಳಿವೆ. ನಾವು ಕಂಡಿಲ್ಲವೆಂದರೆ ಮಗು ಹೊರಗೆ ಬಂದಿಲ್ಲವೆಂದು ಅರ್ಥ.

ಅಂಥ ಮನೆಯೊಂದನ್ನು ಕಣ್ಣ ಮುಂದೆ ತಂದುಕೊಳ್ಳಿ. ಗಂಡ ಅಕ್ಕಿ ಗಿರಣಿಯಲ್ಲಿ ಹಮಾಲಿ, ಹೆಂಡತಿ ಗಾರ್ಮೆಂಟ್ಸಿನಲ್ಲಿ ಹೊಲಿಗೆಗೆ. ಎರಡು ಕೂಲಿ ಸೇರಿದರೆ ಬಾಡಿಗೆ, ರೇಷನ್ನು, ಹಿರಿಯ ಮಗಳ ಓದು ಹೇಗೋ ಸಾಗುತ್ತದೆ. ಎರಡನೆಯ ಮಗುವಿಗೆ ವರ್ಷ ತುಂಬಿದರೂ ಕುತ್ತಿಗೆ ನಿಲ್ಲಲಿಲ್ಲ. ಸೆರೆಬ್ರಲ್ ಪಾಲ್ಸಿ, ಅಂದರೆ ಎಳವೆಯಲ್ಲೇ ಮಿದುಳಿಗೆ ಆದ ಹಾನಿಯಿಂದ ಕೈಕಾಲು ಹಿಡಿತಕ್ಕೆ ಬಾರದ ಸ್ಥಿತಿ, ಎಂದು ವೈದ್ಯರು ಹೇಳಿದರು. ಅಂದಿನಿಂದ ತಾಯಿ ಕೆಲಸ ಬಿಟ್ಟಳು. ಆದಾಯ ಅರ್ಧಕ್ಕೆ ಇಳಿಯಿತು, ಖರ್ಚು ಎರಡರಷ್ಟಾಯಿತು. ತಾಯಿ ಆಸ್ಪತ್ರೆಗೆ ಹೋದ ದಿನ ಹಿರಿಯ ಮಗಳು ಶಾಲೆ ಬಿಟ್ಟು ಮನೆ ಕಾಯುತ್ತಾಳೆ. ತಂದೆ ಬಡ್ಡಿಗೆ ಸಾಲ ತರುತ್ತಾನೆ.

ಇದಕ್ಕೆ ಮಗು ಕಾರಣವೇ? ಅಲ್ಲ. ಗಿರಣಿಯಲ್ಲಿ ಪಾಳಿ ಮುಗಿದರೆ ಸೈರನ್ನು ಕೂಗುತ್ತದೆ, ಇನ್ನೊಬ್ಬ ಬಂದು ಯಂತ್ರ ಹಿಡಿಯುತ್ತಾನೆ. ಈ ತಾಯಿಗೆ ಸೈರನ್ನು ಕೂಗುವುದಿಲ್ಲ. ಊಟ ಮಾಡಿಸುವುದು, ಎತ್ತುವುದು, ತೊಳೆಯುವುದು, ರಾತ್ರಿ ಎದ್ದು ಮಗ್ಗುಲು ಬದಲಾಯಿಸುವುದು ಎಲ್ಲವೂ ಕೆಲಸವೇ. ಆ ಕೆಲಸಕ್ಕೆ ಕೂಲಿಯಿಲ್ಲ, ರಜೆಯಿಲ್ಲ, ಬದಲಿ ಆಳಿಲ್ಲ. ಕೂಲಿಯಿಲ್ಲದ ದುಡಿಮೆಯ ಪ್ರಶ್ನೆ ಕಾರ್ಮಿಕ ಸಂಘದ ಪ್ರಶ್ನೆಯಲ್ಲವಾದರೆ ಇನ್ನು ಯಾರ ಪ್ರಶ್ನೆ?

ಎರಡನೆಯ ಮಾತು. ಇದು ಪೂರ್ವಜನ್ಮದ ಕರ್ಮ, ತಾಯಿಯ ದೋಷ ಎಂದು ಹೇಳುವ ಬಾಯಿಗಳು ಇನ್ನೂ ಮುಚ್ಚಿಲ್ಲ. ಹೆರಿಗೆಯ ಹೊತ್ತಿನಲ್ಲಿ ಮಗುವಿಗೆ ಉಸಿರು ಕಟ್ಟಿದರೆ ಮಿದುಳಿಗೆ ಪೆಟ್ಟಾಗುತ್ತದೆ. ಹುಟ್ಟಿದ ಕೂಸಿನ ಕಾಮಾಲೆ ತೀವ್ರವಾಗಿ, ಸಕಾಲಕ್ಕೆ ಚಿಕಿತ್ಸೆ ಸಿಗದಿದ್ದರೆ ಕಿವಿ ಹೋಗಬಹುದು, ಅಂಗಗಳ ಹಿಡಿತ ತಪ್ಪಬಹುದು. ಬಸುರಿಗೆ ರುಬೆಲ್ಲಾ ಬಂದರೆ ಮಗುವಿನ ಕಣ್ಣು, ಕಿವಿ, ಹೃದಯಕ್ಕೆ ಅಪಾಯ. ಇನ್ನು ಕೆಲವು ಸ್ಥಿತಿಗಳು ಹುಟ್ಟಿನಿಂದಲೇ ಬರುತ್ತವೆ, ಯಾರೂ ತಡೆಯಲಾಗದು. ಇವುಗಳಲ್ಲಿ ಯಾವುದೂ ಪಾಪವಲ್ಲ. ಕೆಲವಂತೂ ಸಮಯಕ್ಕೆ ಆಸ್ಪತ್ರೆ ಸಿಗದ ಬಡತನದ ಫಲ. ಸೊಸೆಯನ್ನು ದೂರುವ ಮನೆಗಳಿಗೆ ಈ ಮಾತನ್ನು ನೀವು ಮುಟ್ಟಿಸಬೇಕು.

ಸರ್ಕಾರ ಏನೂ ಕೊಟ್ಟಿಲ್ಲವೆಂದು ನಾವು ಹೇಳುವುದಿಲ್ಲ. ಕಾಗದದ ಮೇಲೆ ಬಹಳವೇ ಇದೆ. ಆದರೆ ಒಂದೊಂದೂ ಒಂದೊಂದು ಬಾಗಿಲಲ್ಲಿದೆ. ಒಂದು ಬಾಗಿಲಿಗೆ ಹೋದರೆ ಒಂದು ದಿನದ ಕೂಲಿ ಹೋಯಿತು. ಆದುದರಿಂದ ಯಾವ ಬಾಗಿಲಲ್ಲಿ ಏನಿದೆ ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇವೆ.

ಮೊದಲನೆಯದು ಜಿಲ್ಲಾ ಆಸ್ಪತ್ರೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪ್ರಕಾರ ಹುಟ್ಟಿದ ಕೂಸಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆ ಆಗತಕ್ಕದ್ದು. ವೈದ್ಯರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಬಾರಿ, ಸರ್ಕಾರಿ ಶಾಲೆಗೆ ಒಂದು ಬಾರಿ ಬರತಕ್ಕದ್ದು. ತೊಂದರೆ ಕಂಡ ಮಗುವನ್ನು ಜಿಲ್ಲೆಯ ಶೀಘ್ರ ಪತ್ತೆ ಮತ್ತು ಚಿಕಿತ್ಸಾ ಕೇಂದ್ರಕ್ಕೆ ಕಳಿಸಬೇಕು. ಇದರಲ್ಲಿ ಕಾಲವೇ ಮುಖ್ಯ. ಮೊದಲ ಕೆಲವು ವರ್ಷಗಳಲ್ಲಿ ಮಿದುಳು ಬೇಗ ಕಲಿಯುತ್ತದೆ. ಕಿವಿ ಕೇಳಿಸದ ಕೂಸಿಗೆ ಬೇಗನೆ ಶ್ರವಣ ಸಾಧನ ದೊರೆತು ತರಬೇತಿ ಸಿಕ್ಕರೆ ಮಾತು ಬರುವ ಸಂಭವ ಹೆಚ್ಚು. "ನಾಲ್ಕು ವರ್ಷ ಕಾಯೋಣ, ಅವರಪ್ಪನಿಗೂ ಮಾತು ತಡವಾಗಿಯೇ ಬಂದದ್ದು" ಎಂದು ಅಜ್ಜಿ ಹೇಳಿದರೆ ಕೈಮುಗಿದು, ಮಗುವನ್ನು ಮಾತ್ರ ಆಸ್ಪತ್ರೆಗೆ ಎತ್ತಿಕೊಂಡು ಹೋಗಿ. ಮಾತು ಮತ್ತು ಕಿವಿಯ ತೊಂದರೆಗೆಂದೇ ಮೈಸೂರಿನಲ್ಲಿ 1966ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ನಮ್ಮ ದಾವಣಗೆರೆಯಲ್ಲಿಯೇ ಕೇಂದ್ರ ಸರ್ಕಾರದ ಸಿ.ಆರ್.ಸಿ. ಎಂಬ ಪುನರ್ವಸತಿ ಕೇಂದ್ರವಿದೆ. ವ್ಯಾಯಾಮ ಚಿಕಿತ್ಸೆ, ಮಾತಿನ ತರಬೇತಿ, ವಿಶೇಷ ಶಿಕ್ಷಣ ಅಲ್ಲಿ ದೊರೆಯುತ್ತವೆ. ಊರಲ್ಲೇ ಇರುವುದನ್ನು ತಿಳಿಯದೆ ಬೆಂಗಳೂರಿಗೆ ಸಾಲ ಮಾಡಿ ಓಡುವುದು ಬೇಡ.

ಎರಡನೆಯದು ಗುರುತಿನ ಚೀಟಿ. ಯು.ಡಿ.ಐ.ಡಿ. ಎಂಬ ಚೀಟಿಯಿಲ್ಲದೆ ಮುಂದಿನ ಬಾಗಿಲುಗಳು ತೆರೆಯುವುದು ಕಷ್ಟ. ಅರ್ಜಿಯನ್ನು ಕಂಪ್ಯೂಟರಿನಲ್ಲಿ ಹಾಕಬೇಕು, ಆಸ್ಪತ್ರೆಯಲ್ಲಿ ವೈದ್ಯರು ಪರೀಕ್ಷಿಸಿ ಶೇಕಡಾ ಎಷ್ಟೆಂದು ಬರೆಯುತ್ತಾರೆ. ಶೇಕಡಾ 40 ಅಥವಾ ಅದಕ್ಕೆ ಮೇಲ್ಪಟ್ಟರೆ ಹೆಚ್ಚಿನ ಸೌಲಭ್ಯಗಳಿಗೆ ಹಕ್ಕುಂಟು. ಮಾಸಾಶನದ ಅರ್ಜಿ ನಾಡಕಚೇರಿಯಲ್ಲಿ. ಓಡಾಟಕ್ಕೆ ನೆರವಾಗಲೆಂದು ಗ್ರಾಮ ಪಂಚಾಯಿತಿಯಲ್ಲಿ, ತಾಲ್ಲೂಕಿನಲ್ಲಿ, ನಗರಗಳಲ್ಲಿ ಪುನರ್ವಸತಿ ಕಾರ್ಯಕರ್ತರನ್ನು ಇಲಾಖೆ ನೇಮಿಸಿದೆ. ಅವರು ಪಡೆಯುವುದು ಸಂಬಳವಲ್ಲ, ಗೌರವಧನ. ಅವರೂ ನಮ್ಮಂತೆ ದುಡಿಯುವ ಜನ, ಬಹುಮಂದಿ ತಾವೇ ಅಂಗವಿಕಲರು. ಅವರ ಹೆಸರನ್ನು ಕೇಳಿ ತಿಳಿದುಕೊಳ್ಳಿ, ಕೆಲಸ ಮಾಡಿಸಿಕೊಳ್ಳಿ.

ಮೂರನೆಯದು ಶಾಲೆ. 6ರಿಂದ 18 ವರ್ಷದವರೆಗೆ ಇಂಥ ಮಗುವಿಗೆ ನೆರೆಹೊರೆಯ ಶಾಲೆಯಲ್ಲಿ, ಅಥವಾ ತಾನು ಬಯಸಿದ ವಿಶೇಷ ಶಾಲೆಯಲ್ಲಿ, ಉಚಿತವಾಗಿ ಓದುವ ಹಕ್ಕನ್ನು 2016ರ ಕಾಯ್ದೆ ಕೊಟ್ಟಿದೆ. "ನಿಮ್ಮ ಹುಡುಗನನ್ನು ಸೇರಿಸಿಕೊಳ್ಳಲಾಗದು" ಎಂದು ಮುಖ್ಯೋಪಾಧ್ಯಾಯರು ಹೇಳುವಂತಿಲ್ಲ. ಆದರೆ ಸೇರಿಸಿಕೊಂಡರೆ ಸಾಕೆ? ಕಲಿಸುವವರು ಬೇಕಲ್ಲ. ಪ್ರಾಥಮಿಕ ತರಗತಿಗಳಲ್ಲಿ ಇಂಥ 10 ಮಕ್ಕಳಿಗೆ ಒಬ್ಬ, ಮೇಲಿನ ತರಗತಿಗಳಲ್ಲಿ 15 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕ ಇರಬೇಕೆಂದು ಸುಪ್ರೀಂ ಕೋರ್ಟು 2021ರಲ್ಲಿ ಹೇಳಿತು. ನಿಮ್ಮ ವಾರ್ಡಿನ ಶಾಲೆಗೆ ಅಂಥ ಶಿಕ್ಷಕರು ಎಷ್ಟು ದಿನಕ್ಕೊಮ್ಮೆ ಬರುತ್ತಾರೆಂದು ಹೋಗಿ ಕೇಳಿ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಇಂಥ ಮಗುವೊಂದಕ್ಕೆ ಇಟ್ಟ ಹಣ ವರ್ಷಕ್ಕೆ 3,500 ರೂಪಾಯಿ. ಭಾಗಿಸಿ ನೋಡಿ, ದಿನಕ್ಕೆ ಹತ್ತು ರೂಪಾಯಿಯೂ ಬೀಳುವುದಿಲ್ಲ. ಹೋಟೆಲಿನ ಒಂದು ಲೋಟ ಚಹಾದ ದುಡ್ಡಿನಲ್ಲಿ ಒಂದು ಮಗುವಿನ ಬಾಳನ್ನು ತಿದ್ದಲು ಹೊರಟಿದ್ದೇವೆ!

ನಾಲ್ಕನೆಯದು ನಮ್ಮ ಗಿರಣಿಯ ಬಾಗಿಲು. ಇದು ಅನೇಕರಿಗೆ ತಿಳಿಯದ ಸಂಗತಿ. ಇ.ಎಸ್.ಐ. ಇರುವ ಕೆಲಸಗಾರನ ಮಗು ದೇಹದ ಅಥವಾ ಮನಸ್ಸಿನ ನ್ಯೂನತೆಯಿಂದ ಅಶಕ್ತವಾಗಿದ್ದು, ಅವನ ದುಡಿಮೆಯನ್ನೇ ಪೂರ್ತಿ ನಂಬಿದ್ದರೆ, ಆ ಅಶಕ್ತತೆ ಇರುವವರೆಗೂ ಅದು ಕುಟುಂಬದ ಲೆಕ್ಕಕ್ಕೆ ಸೇರುತ್ತದೆ. ಮಗನಿಗೆ ಮೂವತ್ತು ವರ್ಷವಾದರೂ ಆಸ್ಪತ್ರೆಯ ಹಕ್ಕು ತಪ್ಪುವುದಿಲ್ಲ. ಹಾಗೆಯೇ 1995ರ ನೌಕರರ ಪಿಂಚಣಿ ಯೋಜನೆ. ಸದಸ್ಯ ತೀರಿಕೊಂಡರೆ ಮಕ್ಕಳಿಗೆ 25 ವರ್ಷದವರೆಗೆ, ಒಮ್ಮೆಗೆ ಇಬ್ಬರಿಗೆ, ಪಿಂಚಣಿ. ಆದರೆ ಶಾಶ್ವತವಾಗಿ, ಪೂರ್ಣವಾಗಿ ಅಂಗವಿಕಲನಾದ ಮಗುವಿಗೆ ಆ ವಯಸ್ಸಿನ ಮಿತಿಯಿಲ್ಲ, ಸಂಖ್ಯೆಯ ಮಿತಿಯೂ ಇಲ್ಲ. ಪಿ.ಎಫ್. ಕಾಗದಗಳಲ್ಲಿ ಆ ಮಗುವಿನ ಹೆಸರು ಇದೆಯೇ? ನಾಳೆಯೇ ನೋಡಿ. "ಇವನನ್ನು ಬರೆಸಿ ಏನು ಪ್ರಯೋಜನ" ಎಂದು ಬಿಟ್ಟಿದ್ದರೆ, ಬರೆಸಲೇಬೇಕಾದ ಮೊದಲ ಹೆಸರು ಅದೇ.

ಆದರೆ ಮಂಡಕ್ಕಿ ಭಟ್ಟಿಯಲ್ಲಿ ಬೇಯುವವನಿಗೆ, ಗಾಡಿ ತಳ್ಳುವವನಿಗೆ, ಸಣ್ಣ ಅಂಗಡಿಯವನಿಗೆ ಇ.ಎಸ್.ಐ. ಎಲ್ಲಿಯದು? ಬಿ.ಪಿ.ಎಲ್. ಕಾರ್ಡಿದ್ದವರಿಗೆ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಉಂಟು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಯ ಬೆಳವಣಿಗೆಯ ಕೊರತೆ, ಬಹುವಿಧ ವೈಕಲ್ಯ ಈ ನಾಲ್ಕಕ್ಕೆ ರಾಷ್ಟ್ರೀಯ ನ್ಯಾಸದ ನಿರಾಮಯ ಎಂಬ ವಿಮೆಯಿದೆ. ಮೊತ್ತ ವರ್ಷಕ್ಕೆ 1 ಲಕ್ಷದವರೆಗೆ. ಸೇರುವ ಮುನ್ನ ವೈದ್ಯಕೀಯ ಪರೀಕ್ಷೆ ಬೇಡ. ಆಸ್ಪತ್ರೆಯಲ್ಲಿ ಮಲಗದೆ ಪಡೆಯುವ ಚಿಕಿತ್ಸೆಗೂ ಹಣ ಬರುತ್ತದೆ. ಆದಾಯ ತೆರಿಗೆ ಕಟ್ಟುವ ವರ್ತಕ ಮಿತ್ರರು ಹಳೆಯ ಪದ್ಧತಿಯಲ್ಲಿದ್ದರೆ, ಅವಲಂಬಿತ ಅಂಗವಿಕಲರ ಸಲುವಾಗಿ 75,000 ರೂಪಾಯಿ, ವೈಕಲ್ಯ ಶೇಕಡಾ 80 ಅಥವಾ ಅದಕ್ಕೆ ಮೇಲ್ಪಟ್ಟಿದ್ದರೆ 1,25,000 ರೂಪಾಯಿ ಆದಾಯದಲ್ಲಿ ಕಳೆಯಬಹುದು. ಲೆಕ್ಕ ಬರೆಯುವವರನ್ನು ಕೇಳಿ.

ಇನ್ನು ಎಲ್ಲಕ್ಕಿಂತ ಭಾರವಾದ ಪ್ರಶ್ನೆ. ಈ ತಂದೆತಾಯಿಗಳು ರಾತ್ರಿ ನಿದ್ದೆಯಿಲ್ಲದೆ ಕೇಳಿಕೊಳ್ಳುವ ಪ್ರಶ್ನೆ: "ನಮ್ಮ ಕಾಲ ಮುಗಿದ ಮೇಲೆ ಇವನಿಗೆ ಯಾರು?" ಬೇರೆ ತಂದೆತಾಯಿಗಳು ಮಕ್ಕಳು ತಮ್ಮನ್ನು ಸಾಕಲಿ ಎಂದು ಬೇಡುತ್ತಾರೆ. ಇವರು, ಮಗುವಿಗಿಂತ ಒಂದು ದಿನ ಹೆಚ್ಚು ಬದುಕಿಸು ಎಂದು ದೇವರನ್ನು ಬೇಡುತ್ತಾರೆ. ಮಗುವಿಗೆ 18 ತುಂಬಿದ ದಿನ ಕಾನೂನಿನ ಕಣ್ಣಿಗೆ ಅದು ಪ್ರೌಢ. ಆಗ ತಂದೆತಾಯಿಗಳ ರುಜು ತಾನಾಗಿ ನಡೆಯುವುದಿಲ್ಲ. ಮೇಲೆ ಹೇಳಿದ ನಾಲ್ಕು ಬಗೆಯ ವೈಕಲ್ಯಗಳಿಗೆ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯ ಪ್ರಕಾರ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸ್ಥಳೀಯ ಸಮಿತಿ ಪೋಷಕರನ್ನು ನೇಮಿಸುತ್ತದೆ. ತಂದೆತಾಯಿಗಳು ಬದುಕಿರುವಾಗಲೇ ಅರ್ಜಿ ಹಾಕಿಕೊಳ್ಳುವುದು ಒಳ್ಳೆಯದು. ಬ್ಯಾಂಕು ಖಾತೆ, ಪಿಂಚಣಿ, ಆಸ್ತಿ ಎಲ್ಲಕ್ಕೂ ಆ ಕಾಗದ ಬೇಕಾದೀತು.

ಆದರೆ ಮಿತ್ರರೇ, ಕಾಗದ ಮಗುವಿಗೆ ಅನ್ನ ಉಣಿಸುವುದಿಲ್ಲ. ಆದುದರಿಂದ ಸರ್ಕಾರದ ಮುಂದೆ ನಮ್ಮ ಬೇಡಿಕೆಗಳು ಇವು.

ಒಂದು, ರಜೆ. ಕೇಂದ್ರ ಸರ್ಕಾರದ ಮಹಿಳಾ ನೌಕರರಿಗೆ ಮಕ್ಕಳ ಆರೈಕೆಗೆಂದು ಸೇವೆಯ ಅವಧಿಯಲ್ಲಿ 730 ದಿನಗಳ ರಜೆಯುಂಟು. ಅಂಗವಿಕಲ ಮಗುವಾದರೆ ಮಗುವಿನ ವಯಸ್ಸಿನ ಮಿತಿಯೂ ಇಲ್ಲ. 2024ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು, ಹಿಮಾಚಲ ಪ್ರದೇಶದ ಸರ್ಕಾರಿ ಕಾಲೇಜಿನ ಅಧ್ಯಾಪಕಿಯೊಬ್ಬರ ಮೊಕದ್ದಮೆಯಲ್ಲಿ, ಮಹಿಳೆಯರು ದುಡಿಮೆಯಲ್ಲಿ ಪಾಲ್ಗೊಳ್ಳುವುದು ಸಂವಿಧಾನದ ಅಗತ್ಯ, ಅಂಗವಿಕಲ ಮಕ್ಕಳ ತಾಯಂದಿರ ಸಂಕಟಕ್ಕೆ ಸರ್ಕಾರ ಕಣ್ಣು ಮುಚ್ಚಲಾಗದು ಎಂಬ ಅರ್ಥದ ಮಾತು ಹೇಳಿತು. ಬಹಳ ಸಂತೋಷ. ಆದರೆ ಗಾರ್ಮೆಂಟ್ಸಿನ ತಾಯಿಯ ಮಗು ಬೇರೆ ಮಣ್ಣಿನಿಂದ ಮಾಡಿದ್ದೇ? ಕಾರ್ಖಾನೆಯ ತಾಯಿಗೂ ಸಂಬಳ ಸಹಿತ ಆರೈಕೆ ರಜೆ ಬೇಕು.

ಎರಡು, ಆರೈಕೆ ಭತ್ಯೆ. ಹೆಚ್ಚಿನ ಆಸರೆ ಬೇಕಾದ ಅಂಗವಿಕಲರಿಗೆ ಆರೈಕೆದಾರರ ಭತ್ಯೆ ಇರಬೇಕೆಂದು, ಅಂಗವಿಕಲರಿಗೆ ಕೊಡುವ ನೆರವು ಇತರರಿಗೆ ಕೊಡುವ ಅಂಥದೇ ನೆರವಿಗಿಂತ ಕನಿಷ್ಠ ಶೇಕಡಾ 25 ಹೆಚ್ಚಿರಬೇಕೆಂದು 2016ರ ಕಾಯ್ದೆಯ 24ನೆಯ ಕಲಮು ಹೇಳುತ್ತದೆ. ಜೊತೆಗೇ, ಸರ್ಕಾರದ ಆರ್ಥಿಕ ಶಕ್ತಿಗೆ ಅನುಸಾರವಾಗಿ ಎಂಬ ಒಂದು ಮಾತನ್ನೂ ಸೇರಿಸಿದೆ. ಆ ಒಂದು ಮಾತಿನ ಮರೆಯಲ್ಲಿ ಯಾವ ಸರ್ಕಾರವೂ ಅಡಗಬಾರದು. ಆಸರೆ ಬೇಕಾದ ಪ್ರತಿಯೊಂದು ಮನೆಗೂ ಭತ್ಯೆ ಮುಟ್ಟಬೇಕು. ಅದು ತಾಯಿಯ ಕೂಲಿಯೆಂದು ಎಣಿಸಲ್ಪಡಬೇಕು.

ಮೂರು, ಪಾಲಿಕೆಯ ಲೆಕ್ಕ. ಸ್ಥಳೀಯ ಸಂಸ್ಥೆಗಳು ಅಂಗವಿಕಲರಿಗಾಗಿ ಶೇಕಡಾ 5ರ ನಿಧಿ ಮೀಸಲಿಡತಕ್ಕದ್ದು. ಕಳೆದ ವರ್ಷ ಎಷ್ಟು ತೆಗೆದಿಟ್ಟರು, ಯಾರಿಗೆ ಕೊಟ್ಟರು? ವೋಟು ಕೇಳಲು ಬರುವವರನ್ನು ಇದೊಂದು ಪ್ರಶ್ನೆ ಕೇಳಿ. ಆ ಹಣದಲ್ಲಿ ಕೇರಿಗೊಂದು ಹಗಲು ಆರೈಕೆ ಕೇಂದ್ರ ನಡೆಸಿದರೆ ಎಷ್ಟು ತಾಯಂದಿರು ಕೆಲಸಕ್ಕೆ ಮರಳಬಹುದು!

ನಾಲ್ಕು, ಒಂದೇ ದಿನ ಒಂದೇ ಜಾಗ. ವೈದ್ಯರು, ನಾಡಕಚೇರಿಯವರು, ಶಾಲಾ ಇಲಾಖೆಯವರು, ಬಸ್ ಪಾಸಿನವರು ವಾರದ ರಜೆಯ ದಿನ ಒಂದೇ ಶಾಲೆಯ ಅಂಗಳದಲ್ಲಿ ಕೂಡಬೇಕು. ನಾಲ್ಕು ಕಚೇರಿಗೆ ಒಂದು ಮಗು ತಿರುಗುವ ಬದಲು ನಾಲ್ಕು ಕಚೇರಿ ಒಂದು ಮಗುವಿನ ಬಳಿಗೆ ಬರಲಿ.

ಸರ್ಕಾರ ಕೊಡುವವರೆಗೆ ನಾವು ಸುಮ್ಮನಿರಬೇಕೇ? ಬೇಡ. ಇಂಥ ಮನೆಗಳು ಒಂದನ್ನೊಂದು ಅರಿಯವು. ಪ್ರತಿಯೊಬ್ಬ ತಾಯಿಯೂ ಈ ಕಷ್ಟ ತನಗೊಬ್ಬಳಿಗೇ ಬಂತೆಂದು ತಿಳಿದಿದ್ದಾಳೆ. ಕೇರಿಕೇರಿಗೂ ತಂದೆತಾಯಿಗಳ ಸಂಘ ಕಟ್ಟೋಣ. ಒಬ್ಬರು ಕಚೇರಿಗೆ ಹೋದರೆ ಹತ್ತು ಅರ್ಜಿ ಹಿಡಿದು ಹೋಗಲಿ. ವಾರಕ್ಕೆ ಒಂದು ಹೊತ್ತು ಒಬ್ಬಳ ಮಗುವನ್ನು ಇನ್ನೊಬ್ಬಳು ನೋಡಿಕೊಳ್ಳಲಿ. ಗಿರಣಿಯ ಸಂಘ ಒಬ್ಬ ಕಾರ್ಯಕರ್ತನನ್ನು ಈ ಕೆಲಸಕ್ಕೆ ಬಿಡಲಿ. ವರ್ತಕರು ಅಂಗಡಿಯ ಮುಂದೆ ಗಾಲಿಕುರ್ಚಿ ಏರುವಂತೆ ಒಂದು ಇಳಿಜಾರು ಹಾಕಲಿ. ಚೀಟಿ ಅಂಟಿಸುವ, ಪೊಟ್ಟಣ ಕಟ್ಟುವ, ಲೆಕ್ಕ ಬರೆಯುವ ಕೆಲಸಕ್ಕೆ ಪ್ರಾಯಕ್ಕೆ ಬಂದ ಅಂಗವಿಕಲ ಹುಡುಗ ಹುಡುಗಿಯರನ್ನು ಪೂರಾ ಕೂಲಿ ಕೊಟ್ಟು ಇಟ್ಟುಕೊಳ್ಳಲಿ. ಕರುಣೆಯಿಂದ ಕೊಟ್ಟ ನಾಲ್ಕಾಣೆಗಿಂತ ದುಡಿದು ಪಡೆದ ನಾಲ್ಕಾಣೆ ದೊಡ್ಡದು.

ಸಭೆ ಮುಗಿಸಿ ಹೊರಡುವ ಮುನ್ನ ಬಾಗಿಲ ಬಳಿ ಒಂದು ಪುಸ್ತಕವಿದೆ. ನಿಮ್ಮ ಕೇರಿಯಲ್ಲಿ ಇಂಥ ಮನೆಯಿದ್ದರೆ, ಆ ಮನೆಯವರನ್ನು ಕೇಳಿ ಒಪ್ಪಿಸಿ, ಹೆಸರು ಬರೆಸಿ. ಮುಂದಿನ ಭಾನುವಾರ ನಾವೇ ಅವರ ಮನೆಗೆ ಹೋಗುತ್ತೇವೆ. ನೀವೂ ಜೊತೆಗೆ ಬನ್ನಿ.