ಕೊಳ್ಳುವ ಕೈಗೆ ಹಾಕುವ ಬಂಡವಾಳ

(ಬೆಳ್ಳಿಹಬ್ಬದ ಸಭೆಯಲ್ಲಿ ಖರೀದಿ ಉಪಸಮಿತಿಯ ಪರವಾಗಿ ಮಾಡಿದ ಭಾಷಣ)



ಬೆಳ್ಳಿಹಬ್ಬದ ನೆನಪಿಗೆ ಸದಸ್ಯರಿಗೆಲ್ಲ ಒಂದೊಂದು ಸ್ಟೀಲ್ ಬಿಂದಿಗೆ ಕೊಡಿ ಅಂತ ಬಹಳ ಜನ ಕೇಳಿದ್ದೀರಿ. ಆ ಹಣದಲ್ಲಿ ಗೋದಾಮಿನ ನೆಲ ಎತ್ತರಿಸಿ, ನಮ್ಮ ಗುಮಾಸ್ತರಿಗೆ ಖರೀದಿ ಮತ್ತು ದಾಸ್ತಾನಿನ ಲೆಕ್ಕದ ತರಬೇತಿ ಕೊಡಿಸೋಣ ಅಂತ ನಾವು ಕೇಳಿದ್ದೇವೆ. "ಬಿಂದಿಗೆ ಮನೆಗೆ ಬರ್ತದೆ. ಗೋದಾಮಿನ ನೆಲ ಯಾರ ಮನೆಗೆ ಬರ್ತದೆ?" ಅಂತ ಹಿರಿಯರೊಬ್ಬರು ಮುಖಕ್ಕೇ ಕೇಳಿದರು. ಕೇಳಿದ್ದು ಸರಿಯಾಗೇ ಇದೆ. ಉತ್ತರ ಕೊಡುವುದು ನಮ್ಮ ಕರ್ತವ್ಯ.

ಒಂದು ಲೆಕ್ಕ ಹಾಕೋಣ. ಒಂದು ಸಂಘ ವರ್ಷಕ್ಕೆ 50 ಲಕ್ಷ ರೂಪಾಯಿ ವ್ಯಾಪಾರ ಮಾಡ್ತದೆ ಅಂತ ಇಟ್ಟುಕೊಳ್ಳಿ. ಅದರಲ್ಲಿ ಮಾಲು ಕೊಂಡು, ಲಾರಿ ಬಾಡಿಗೆ, ಹಮಾಲಿ ಕೊಟ್ಟು ಗೋದಾಮಿಗೆ ಇಳಿಸುವಷ್ಟರಲ್ಲಿ 47 ಲಕ್ಷ ಹೋಯಿತು. ಸಂಬಳ, ಕರೆಂಟು, ಇತರೆ ಖರ್ಚು 2 ಲಕ್ಷ. ಉಳಿದ ಲಾಭ 1 ಲಕ್ಷ. ಈಗ ಆ 47 ಲಕ್ಷದಲ್ಲಿ ನೂರಕ್ಕೆ ಎರಡೇ ಎರಡು ರೂಪಾಯಿ ಉಳಿಸಿ ನೋಡಿ: 94 ಸಾವಿರ! ಲಾಭ ಹೆಚ್ಚುಕಡಿಮೆ ಎರಡರಷ್ಟಾಯಿತು. ಇದೇ 94 ಸಾವಿರವನ್ನು ಮಾರಾಟ ಹೆಚ್ಚಿಸಿಯೇ ಗಳಿಸಬೇಕಾದರೆ ಇನ್ನೂ 15 ಲಕ್ಷಕ್ಕೂ ಮೀರಿ ವ್ಯಾಪಾರ ಆಗಬೇಕು. ಅಷ್ಟು ಹೊಸ ಗಿರಾಕಿಗಳು ನಮ್ಮ ಸುತ್ತಲಿನ ಹಳ್ಳಿಗಳಲ್ಲಿ ಎಲ್ಲಿದ್ದಾರೆ? ದೊಡ್ಡ ಕಂಪನಿಗಳು ಖರೀದಿಗೆಂದೇ ಪ್ರತ್ಯೇಕ ವಿಭಾಗ ಇಟ್ಟು ಸಂಬಳ ಕೊಡುವುದು ಸುಮ್ಮನೆ ಅಲ್ಲ.

ಗೊಬ್ಬರದಲ್ಲಿ ಚೌಕಾಸಿಗೆ ಜಾಗ ಎಲ್ಲಿದೆ ಅಂತೀರಿ. ಒಪ್ಪಿದೆವು. ಯೂರಿಯಾ ದರ ಸರ್ಕಾರ ಕಟ್ಟಿದ್ದು, 45 ಕಿಲೋ ಚೀಲಕ್ಕೆ 266 ರೂಪಾಯಿ 50 ಪೈಸೆ. ಅದಕ್ಕೇ ಉಳಿತಾಯವನ್ನು ಬೇರೆ ಕಡೆ ಹುಡುಕಬೇಕು. ಚೀಲಕ್ಕೆ 10 ರೂಪಾಯಿ ಉಳೀತದೆ ಅಂತ ಹಿಡಿದರೂ, ಒಂದು ಚೀಲ ಹಾಳಾದರೆ ಇಪ್ಪತ್ತೈದು ಚೀಲ ಮಾರಿದ ಶ್ರಮ ನೀರುಪಾಲು.

ಮೂರು ವರ್ಷದ ಹಿಂದಿನ ಮುಂಗಾರು ನಿಮಗೂ ನೆನಪಿರಬೇಕು. ಇಂಡೆಂಟ್ ಕಳಿಸುವುದನ್ನು ನಾವು ತಡ ಮಾಡಿದೆವು. ಲಾರಿ ಬಂದದ್ದು ಮುಸ್ಸಂಜೆ, ಜಡಿಮಳೆಯಲ್ಲಿ. ಹಮಾಲರು ಅವಸರಕ್ಕೆ ಬಿದ್ದು ಹಲಗೆ ಹಾಸದೆ ಬರಿ ನೆಲದ ಮೇಲೇ ಚೀಲ ಪೇರಿಸಿದರು, ನಾವೂ ಸುಮ್ಮನಿದ್ದೆವು. ಯೂರಿಯಾ ಗಾಳಿಯ ತೇವವನ್ನೇ ಹೀರುವ ಪದಾರ್ಥ, ಇನ್ನು ಒದ್ದೆ ನೆಲ ಬಿಡ್ತದೆಯೇ? ಕೆಳಗಿನ ಎರಡು ಸಾಲು ಕಲ್ಲಿನ ಹಾಗೆ ಗಟ್ಟಿ ಕಟ್ಟಿತು. ರೈತರು ಬೇಡ ಅಂದರು, ಅನ್ನಬೇಕಾದ್ದೇ. ಮೇಲುಗೊಬ್ಬರಕ್ಕೆ ಕಾಯಲಾಗದೆ ನಮ್ಮ ಸದಸ್ಯರೇ ಪೇಟೆ ಅಂಗಡಿಗೆ ಹೋದರು. ಆ ವರ್ಷದ ಡಿವಿಡೆಂಡ್ ಇಳಿದದ್ದಕ್ಕೆ ಮಹಾಸಭೆಯಲ್ಲಿ ಕಾರ್ಯದರ್ಶಿಗಳು ಬೈಗುಳ ತಿಂದರು. ತಪ್ಪು ನಮ್ಮ ಉಪಸಮಿತಿಯದು.

ಹಾಗಂತ ಮುಂಚೆಯೇ ಕೊಂಡು ರಾಶಿ ಹಾಕುವುದೂ ಜಾಣತನವಲ್ಲ. ಮಾಲು ಮಲಗಿರ್ತದೆ, ಬಡ್ಡಿ ಮಾತ್ರ ಓಡ್ತಾನೇ ಇರ್ತದೆ. ಹೋದ ವರ್ಷ ಯಾವ ವಾರ ಎಷ್ಟು ಚೀಲ ಹೋಯಿತು, ಈ ಸಲ ಜೋಳ ಎಷ್ಟು ಎಕರೆ, ಹತ್ತಿ ಎಷ್ಟು ಅಂತ ಬರೆದಿಟ್ಟು ನೋಡುವವರು ಬೇಕು. ತರಬೇತಿ ಕೇಳಿದ್ದು ಅದಕ್ಕೇ.

ಸಹಕಾರದ ಮೂಲಪುರುಷರಿಗೂ ಇದೇ ಪಾಠ ಆಯಿತು. ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ 1844ರಲ್ಲಿ ಬಡವರು ಕೂಡಿ ಅಂಗಡಿ ತೆರೆದರು. ಅಂಥ ಅಂಗಡಿಗಳು ಊರೂರಲ್ಲಿ ಹುಟ್ಟಿದವು. ಆದರೆ ಬಿಡಿಬಿಡಿಯಾಗಿ ಕೊಳ್ಳುವಾಗ ಸಗಟು ವ್ಯಾಪಾರಿಗಳ ಮುಂದೆ ಅವುಗಳ ಮಾತು ನಡೆಯಲಿಲ್ಲ. 1863ರಲ್ಲಿ ಎಲ್ಲ ಸೇರಿ ಖರೀದಿಗೆಂದೇ ಒಂದು ಸಗಟು ಸಂಘ ಕಟ್ಟಿದರು. ಅದು ಬೆಣ್ಣೆ ಕೊಳ್ಳಲು ಐರ್ಲೆಂಡಿಗೇ ತನ್ನ ಜನರನ್ನು ಕಳಿಸಿತು. ಆ ಖರ್ಚಿಗೂ ಅಲ್ಲಿ ಗೊಣಗಿದವರು ಇದ್ದೇ ಇರಬೇಕು ಬಿಡಿ!

ನೆಲದ ಕೆಲಸ ಬೇಸಿಗೆಯಲ್ಲೇ ಹಿಡಿದರೆ ಕಾಂಕ್ರೀಟು ಗಟ್ಟಿಯಾಗಿ, ಹಲಗೆ ಹಾಸುವ ಹೊತ್ತಿಗೆ ಮುಂಗಾರಿನ ಮೊದಲ ಲಾರಿ ಬಂದೀತು. ಮುಂದಿನ ಮಹಾಸಭೆಯಲ್ಲಿ ವಿಷಯ ಮತಕ್ಕೆ ಬರ್ತದೆ. ಬಿಂದಿಗೆಯ ಪರ ಕೈ ಎತ್ತುವವರು ಅದಕ್ಕೆ ಮೊದಲು ಒಮ್ಮೆ ಗೋದಾಮಿಗೆ ಬಂದು ನೆಲ ಮುಟ್ಟಿ ನೋಡಿ. ಬೀಗದ ಕೈ ಕಾರ್ಯದರ್ಶಿಗಳ ಹತ್ತಿರ ಇದೆ.