ನಾಯಿ ನಿಮ್ಮದು, ಓಟ ನಮ್ಮದು

ಸಂಕ್ರಾಂತಿಯ ವೇಳೆಗೆ ಸಿದ್ಧೇಶ್ವರ ಗುಡಿಯ ಜಾತ್ರೆ ನೆರೆದಾಗ ತೊರವಿಯ ಕಡೆಗೆ ದನದ ಸಂತೆ ಕೂಡುವುದು ಈ ಭಾಗದ ಕೇಳುಗರಿಗೆ ಹೊಸತಲ್ಲ. ಅಲ್ಲಿ ಇಬ್ಬರು ವಸ್ತ್ರದ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುತ್ತಾರೆ. ಮಾತಿಲ್ಲ, ಕಾಗದವಿಲ್ಲ. ಎತ್ತಿನ ವ್ಯವಹಾರ ಹಾಗೆ ಮುಗಿಯಬಹುದು. ಕೊಂಡವನು ಹಗ್ಗ ಹಿಡಿದು ಹೊರಟನೆಂದರೆ ಮಾರಿದವನ ಸಂಬಂಧ ಅಲ್ಲಿಗೆ ತೀರಿತು. ಓಟದ ನಾಯಿಯ ವ್ಯವಹಾರ ಹಾಗಲ್ಲ. ಹಣ ಹಾಕಿದವನೊಬ್ಬ, ನಸುಕಿನಲ್ಲೆದ್ದು ಅದನ್ನು ಓಡಿಸಿ ಪಳಗಿಸುವವನು ಇನ್ನೊಬ್ಬ. ಇಬ್ಬರ ನಡುವೆ ಮಾತು ಬಾರದ ಒಂದು ಜೀವ. ಈ ಸಂಬಂಧ ವರ್ಷಗಟ್ಟಲೆ ಬಾಳಬೇಕು.

ಓಟದ ನಾಯಿಯೆಂದರೆ ನಮ್ಮಲ್ಲಿ ಮುಧೋಳದ ನಾಯಿಯೇ. ರನ್ನನ ಊರಾದ ಮುಧೋಳ 1997ರವರೆಗೆ ನಮ್ಮ ಜಿಲ್ಲೆಯಲ್ಲಿಯೇ ಇತ್ತು. ಈಗ ಬಾಗಲಕೋಟೆಗೆ ಸೇರಿದೆ. ಆ ಸಂಸ್ಥಾನದ ಘೋರ್ಪಡೆ ಮನೆತನದ ರಾಜಾ ಮಾಲೋಜಿರಾಯರು ಈ ತಳಿಯನ್ನು ಅಕ್ಕರೆಯಿಂದ ಉಳಿಸಿ ಬೆಳೆಸಿದರೆಂಬುದು ಪ್ರಸಿದ್ಧ. 2005ರಲ್ಲಿ ಅಂಚೆಚೀಟಿಯ ಮೇಲೆ ಇದರ ಚಿತ್ರ ಬಂದಿತು. 2016ರಲ್ಲಿ ಸೈನ್ಯದವರು ತರಬೇತಿಗಾಗಿ ಇದರ ಮರಿಗಳನ್ನು ಮೀರತ್‌ಗೆ ಒಯ್ದರು. ತಿಮ್ಮಾಪುರದಲ್ಲಿ ಪಶುವೈದ್ಯ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವೂ ಇದೆ. ಕೀರ್ತಿ ದೊಡ್ಡದು. ಆದರೆ ಆ ಕೀರ್ತಿಯನ್ನು ಹೊತ್ತವರು ಜೋಳದ ನುಚ್ಚು ಕುದಿಸಿ, ಹಾಲು ಬೆರೆಸಿ ನಾಯಿಗೆ ಇಟ್ಟು, ಉಳಿದುದನ್ನು ತಾವು ಉಣ್ಣುವ ಮನೆಗಳವರೆಂಬುದನ್ನು ನಾವು ಮರೆಯುತ್ತೇವೆ.

ಇಂಥ ಒಂದು ಮನೆಗೂ ಟಿಕೋಟಾ ಕಡೆಯ ದ್ರಾಕ್ಷಿ ತೋಟದ ಮಾಲೀಕನೊಬ್ಬನಿಗೂ ಬಿದ್ದ ಜಗಳ ಕೆಲವು ವರ್ಷಗಳ ಹಿಂದೆ ನನ್ನ ಬಾಗಿಲಿಗೆ ಬಂದಿತು. ಮಾಲೀಕ ನನ್ನ ಹಳೆಯ ಶಿಷ್ಯ. (ಕನ್ನಡ ಎಂ.ಎ. ಮಾಡಿದವನು ನ್ಯಾಯ ಹೇಳಬಲ್ಲನೆಂಬ ಭ್ರಮೆ ಶಿಷ್ಯರಲ್ಲಿ ಮಾತ್ರ ಉಳಿದಿದೆ!) ಅವನು ಮರಿಯೊಂದನ್ನು ಕೊಂಡು, ಬಬಲೇಶ್ವರದ ಆಚೆಯ ಹಳ್ಳಿಯವನೊಬ್ಬನಿಗೆ ಪಾಲಿಗೆ ಹಚ್ಚಿದ್ದ. ಎಮ್ಮೆಯನ್ನು, ಆಡನ್ನು, ಹೊಲವನ್ನು ಪಾಲಿಗೆ ಹಚ್ಚುವ ಪದ್ಧತಿ ನಮ್ಮಲ್ಲಿ ಹಳೆಯದು; ಅದೇ ಅಳತೆಗೋಲನ್ನು ನಾಯಿಗೂ ಹಿಡಿದಿದ್ದರು. ಹಾಲಿನ ಖರ್ಚು ಒಡೆಯನದು, ದುಡಿಮೆ ಸಾಕುವವನದು, ಗೆದ್ದ ಇನಾಮಿನಲ್ಲಿ ಅರ್ಧರ್ಧ. ಅಷ್ಟೇ ಮಾತು.

ಜಾತ್ರೆಯೊಂದರಲ್ಲಿ ಓಟವಿತ್ತು. ಹೊರಡುವ ಮುಂಚೆ ಸಾಕುವವನು ಅಂದನಂತೆ: “ಸಾವ್ಕಾರ್ರ, ಇವತ್ತ ಬ್ಯಾಡ್ರಿ. ರಾತ್ರಿ ಪೂರಾ ಮುಂಗಾಲ ನೆಕ್ಕೋಂತ ಕುಂತಿತ್ತು.” ಅದಕ್ಕೆ ಇವನು: “ಊರ ಮಂದೀನ ಕರದೀನಿ, ಈಗ ಬ್ಯಾಡಂದ್ರ ಹೆಂಗಪಾ?” ನಾಯಿ ಓಡಿತು. ಅರ್ಧ ದಾರಿಯಲ್ಲಿ ಕಾಲು ಮುರಿದು ಬಿತ್ತು. ಸಾಕಿದವನ ಅಲಕ್ಷ್ಯವೆಂದು ಒಡೆಯ. ಒಡೆಯನ ಹಟವೆಂದು ಸಾಕಿದವ. “ನಾಯಿ ನಿಮ್ದರಿ, ಖರೆ. ಓಟ ನಮ್ದರಿ” ಎಂದು ಆತ ನನ್ನ ಪಡಸಾಲೆಯಲ್ಲಿ ನಿಂತು ಹೇಳಿದ್ದು ಇನ್ನೂ ಕಿವಿಯಲ್ಲಿದೆ.

ಅವನು ಹೇಳಿದ್ದರಲ್ಲಿ ಇಡೀ ಸಮಸ್ಯೆ ಅಡಗಿದೆ. ಇನಾಮಿನ ಪಾಲನ್ನು ಎಲ್ಲರೂ ಮೊದಲೇ ಗೊತ್ತುಮಾಡುತ್ತಾರೆ. ಅದು ಸುಲಭದ ಲೆಕ್ಕ. ಓಟದ ಬೆಳಗ್ಗೆ ‘ಇಂದು ಬೇಡ’ ಎನ್ನುವ ಅಧಿಕಾರ ಯಾರದು? ಅದನ್ನು ಯಾರೂ ಗೊತ್ತುಮಾಡುವುದಿಲ್ಲ. ನನ್ನ ಮಟ್ಟಿಗೆ ಆ ಅಧಿಕಾರ ಸಾಕುವವನದೇ ಆಗಬೇಕು, ಒಡೆಯನ ನೆಂಟರು ಎಷ್ಟೇ ಜನ ಬಂದಿರಲಿ. ನೋಟದಿಂದ ಬೇಟೆಯಾಡುವ ಜಾತಿಯ ನಾಯಿಗೆ ಒಂದು ಸ್ವಭಾವವಿದೆ: ಕಣ್ಣೆದುರು ಏನಾದರೂ ಓಡಿದರೆ ತನ್ನ ನೋವನ್ನು ಮರೆತು ಬೆನ್ನಟ್ಟುತ್ತದೆ. ಬೇಡವೆನ್ನಲು ಅದಕ್ಕೆ ಬಾರದು. ಅದರ ಪರವಾಗಿ ಅನ್ನಬಲ್ಲವನು ರಾತ್ರಿ ಅದರ ಪಕ್ಕದಲ್ಲಿ ಮಲಗಿದವನು. ಎಲುಬು ಬಲಿಯದ ಮರಿಯನ್ನು ಓಡಿಸುವುದು, ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಹೊತ್ತೇರಿದ ಮೇಲೆ ಓಡಿಸುವುದು — ಇವೂ ಅವನ ಮಾತಿಗೇ ಬಿಡತಕ್ಕ ವಿಷಯಗಳು.

ಹಾಗೆಂದು ಒಡೆಯ ಕೈತೊಳೆದುಕೊಳ್ಳುವಂತಿಲ್ಲ. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ 11ನೆಯ ಕಲಮಿನ ಪ್ರಕಾರ, ಹಿಂಸೆಯನ್ನು ತಪ್ಪಿಸಲು ತಕ್ಕ ಎಚ್ಚರಿಕೆ, ಮೇಲ್ವಿಚಾರಣೆ ವಹಿಸದ ಒಡೆಯನೂ ಅಪರಾಧಿಯೇ. ಕಂಬಳಕ್ಕೂ ಎತ್ತಿನ ಗಾಡಿಯ ಓಟಕ್ಕೂ 2017ರಲ್ಲಿ ನಮ್ಮ ರಾಜ್ಯ ತಿದ್ದುಪಡಿ ತಂದು ಆಸರೆ ಕೊಟ್ಟಿತು. 2023ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ನಾಯಿಯ ಓಟಕ್ಕೆ ಆ ಆಸರೆಯಿಲ್ಲವೆಂಬುದನ್ನು ಜಾತ್ರೆಯ ಪಂಚರು ನೆನಪಿಡುವುದು ಒಳ್ಳೆಯದು.

ಇನ್ನೊಂದು ಪ್ರಶ್ನೆ, ಓಟ ನಿಂತ ಮೇಲಿನದು. ಇಲ್ಲಿ ನನಗೆ ಆತಕೂರಿನ ಕಲ್ಲು ನೆನಪಾಗುತ್ತದೆ. ಮದ್ದೂರು ತಾಲೂಕಿನಲ್ಲಿ ದೊರೆತು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿರುವ, ಸುಮಾರು 949ರ ಶಾಸನವದು. ತಕ್ಕೋಲದ ಕಾಳಗದಲ್ಲಿ ಮೆಚ್ಚಿಸಿದ ಮಣಲೇರನಿಗೆ ಗಂಗರ ಬೂತುಗ ‘ಬೇಕಾದುದನ್ನು ಬೇಡು’ ಎಂದ. ಮಣಲೇರ ಊರನ್ನು ಬೇಡಲಿಲ್ಲ, ಕಾಳಿಯೆಂಬ ನಾಯಿಯನ್ನು ಬೇಡಿದ. ಮುಂದೆ ಕಾಳಿ ದೊಡ್ಡ ಹಂದಿಯೊಡನೆ ಹೋರಾಡಿ, ಎರಡೂ ಸತ್ತವು. ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟರು. ಆ ಭೂಮಿಯನ್ನು ಉಣ್ಣುವ ಗೊರವ ಕಲ್ಲಿಗೆ ಪೂಜೆಮಾಡದೆ ಉಂಡರೆ ಪಾಪಕ್ಕೆ ಗುರಿ ಎಂದು ಬರೆಯಿಸಿದರು. ಯಾರು ಯಾವ ಆದಾಯವನ್ನು ಪಡೆಯಬೇಕು, ಅದಕ್ಕೆ ಪ್ರತಿಯಾಗಿ ಏನು ಮಾಡಬೇಕು, ಮಾಡದಿದ್ದರೆ ಏನು — ಕರಾರಿಗೆ ಬೇಕಾದ ಮೂರೂ ಅಲ್ಲಿವೆ. ನಮ್ಮ ಪಂಡಿತರು ಅದರಲ್ಲಿ ಕಾಳಗದ ತೇದಿಯನ್ನಷ್ಟೇ ಹುಡುಕಿದರು. ನಾನೂ ಮೂವತ್ತು ವರ್ಷ ಹಾಗೆಯೇ ಪಾಠ ಹೇಳಿದೆ.

ಇಂಗ್ಲೆಂಡಿನಲ್ಲಿ 1926ರಲ್ಲಿ ಮ್ಯಾಂಚೆಸ್ಟರಿನ ಬೆಲ್ ವ್ಯೂ ಮೈದಾನದಲ್ಲಿ ಹುಸಿ ಮೊಲದ ಹಿಂದೆ ಗ್ರೇಹೌಂಡ್‌ಗಳ ಓಟ ಆರಂಭವಾಯಿತು. ಅಲ್ಲಿ ಒಡೆಯ ತರಬೇತುದಾರನಿಗೆ ಸಾಕಣೆಯ ಖರ್ಚು ಕೊಡುತ್ತಾನೆ. ಆದರೆ ನಿವೃತ್ತ ನಾಯಿಗಳ ಗತಿಗೆ ಅವರು ಕಂಡುಕೊಂಡ ದಾರಿ ತೀರ ಈಚಿನದು: 2020ರಿಂದ, ನಾಯಿಯ ಹೆಸರು ನೋಂದಾಯಿಸುವಾಗಲೇ ಠೇವಣಿ (ಆರಂಭದಲ್ಲಿ 400 ಪೌಂಡು), ಅರ್ಧ ಒಡೆಯನದು, ಅರ್ಧ ಮಂಡಳಿಯದು. ನ್ಯೂಜಿಲೆಂಡಿನ ಸರಕಾರವಂತೂ ಗಾಯಗೊಳ್ಳುವ ನಾಯಿಗಳ ಸಂಖ್ಯೆ ಕಂಡು, ಈ ಓಟವನ್ನೇ ನಿಲ್ಲಿಸುವುದಾಗಿ 2024ರ ಡಿಸೆಂಬರಿನಲ್ಲಿ ಸಾರಿತು.

ನಮ್ಮ ಶಿಷ್ಯನ ಸಂಗತಿಗೆ ಬರೋಣ. ಕಾಲು ಮುರಿದ ನಾಯಿ ಸಾಕಿದವನ ಮನೆಯಲ್ಲಿಯೇ ಉಳಿಯಿತು. ಹಾಲಿನ ಹಣ ಬರುವುದು ನಿಂತಿತು. ಮೂರು ವರ್ಷ ಕಳೆದ ಮೇಲೆ ಶಿಷ್ಯ ಮತ್ತೊಂದು ಮರಿ ತಂದ. ಅದನ್ನು ಒಪ್ಪಿಸಲು ಅವನಿಗಿಂತ ಬಲ್ಲವನು ಬೇರೊಬ್ಬ ಸಿಗಲಿಲ್ಲ. ಈ ಸಲ ಕಾಗದ ಬೇಕೆಂದು ನನ್ನನ್ನೂ ಕರೆದೊಯ್ದ. ‘ಓಟದ ದಿನ ಬೇಡವೆನ್ನುವ ಹಕ್ಕು ಸಾಕುವವನದು, ಓಟ ನಿಂತ ನಾಯಿಯ ಅನ್ನ, ಔಷಧ ಒಡೆಯನದು’ ಎಂದು ಮೊದಲು ಬರೆದು, ಇನಾಮಿನ ಮಾತನ್ನು ಕೊನೆಗಿಟ್ಟೆ. ಸಹಿಗೆ ಮುನ್ನ ಹಳೆಯ ಹಾಲಿನ ಬಾಕಿ ಎಷ್ಟೆಂದು ಕೇಳಿದೆ. ಸಾಕಿದವ ಸುಮ್ಮನಿದ್ದ. ಅವನ ಮಗಳು ಒಳಗಿನ ಗೋಡೆಯತ್ತ ಕೈತೋರಿಸಿದಳು. ಇದ್ದಲಿನಿಂದ ಎಳೆದ ಗೆರೆಗಳು, ತಿಂಗಳಿಗೊಂದು ಸಾಲು. ಅದರ ಬುಡದಲ್ಲಿ ಆ ನಾಯಿ ಮೂರು ಕಾಲಿನ ಮೇಲೆ ಎದ್ದು ನಿಂತು ಒಡೆಯನನ್ನು ಗುರುತಿಸಿ ಬಾಲ ಅಲ್ಲಾಡಿಸುತ್ತಿತ್ತು. ಶಿಷ್ಯ ಕೈಯಲ್ಲಿದ್ದ ಪೆನ್ನನ್ನು ಕೆಳಗಿಟ್ಟು ಗೆರೆಗಳನ್ನು ಎಣಿಸತೊಡಗಿದ.