ಮಗು ಹಾಸ್ಟೆಲ್ಲಿಗೆ ಹೋದರೆ ಜೀವನಾಂಶ ನಿಲ್ಲುತ್ತದೆಯೆ?

(ಅರಸೀಕೆರೆ, ಬೇಲೂರು, ಹಳೇಬೀಡು ಕಡೆಯ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣ)



ಹಳೇಬೀಡು ಕಡೆಯ ಒಬ್ಬ ತಾಯಿಯ ವಿಷಯದಿಂದ ಶುರು ಮಾಡುತ್ತೇನೆ. ವರದಕ್ಷಿಣೆಯ ಹೊಡೆತ ಬಡಿತ ತಾಳಲಾರದೆ ಮಗಳೊಂದಿಗೆ ತವರಿಗೆ ಬಂದವಳು. ಕೋರ್ಟು ತಾಯಿಗೂ ಮಗಳಿಗೂ ಬೇರೆ ಬೇರೆಯಾಗಿ ಜೀವನಾಂಶ ಗೊತ್ತು ಮಾಡಿತ್ತು. ಎಂಟನೇ ತರಗತಿಗೆ ಮಗಳು ಹಾಸನದ ಹಾಸ್ಟೆಲ್ ಸೇರಿದಳು. ಆ ತಿಂಗಳೇ ಗಂಡ ಮಗಳ ಹಣ ನಿಲ್ಲಿಸಿದ. "ಮಗಳು ನಿನ್ನ ಮನೆಯಲ್ಲಿ ಉಣ್ಣುತ್ತಿಲ್ಲ, ನಿನಗೇಕೆ ಕೊಡಲಿ?" ಎಂದ. ಇವಳೂ ಇರಬಹುದೇನೋ ಎಂದು ಸುಮ್ಮನಾದಳು. ಹದಿನಾಲ್ಕು ತಿಂಗಳು ಕಳೆದ ಮೇಲೆ ಸಂಘದಲ್ಲಿ ಬಾಯಿಬಿಟ್ಟಳು.

ಅವನ ಮಾತು ಕೇಳಲು ನ್ಯಾಯವೆನಿಸುತ್ತದೆ. ಲೆಕ್ಕ ಹಾಕಿ ನೋಡಿ. ಟ್ರಂಕು, ಹೊದಿಕೆ, ಬಕೆಟ್ಟು, ತಟ್ಟೆ ಲೋಟ, ಸೋಪು, ನೋಟ್‌ಬುಕ್ಕು, ನೋಡಿಬರಲು ಬಸ್ ಚಾರ್ಜು. ಜ್ವರ ಬಂದರೆ ಓಡಬೇಕಾದವಳು ತಾಯಿ. ದಸರಾ ರಜೆ, ಬೇಸಿಗೆ ರಜೆಗೆ ಮಗು ಬರುವುದು ತಾಯಿಯ ಮನೆಗೇ. ಅರಸೀಕೆರೆಯವರಿಗೆ ಹೇಳಬೇಕಾಗಿಲ್ಲ: ಮಡಿಯಿಂದ ಕಿತ್ತು ತೋಟದಲ್ಲಿ ನೆಟ್ಟ ತೆಂಗಿನ ಸಸಿಗೆ ನೀರು ಹೆಚ್ಚೇ ಬೇಕು.

ಕಾನೂನು ಏನು ಹೇಳುತ್ತದೆ? ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮಿನಲ್ಲಿ ತಿಂಗಳಿಗೆ 500 ರೂಪಾಯಿಯ ಮಿತಿ ಇತ್ತು. 2001ರಲ್ಲಿ ಅದು ಹೋಯಿತು. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಅದರಲ್ಲಿ ಜೀವನಾಂಶದ ಕಲಮು 144. ಪರಿಸ್ಥಿತಿ ಬದಲಾದರೆ ಮೊತ್ತವನ್ನು ಹೆಚ್ಚು ಕಡಿಮೆ ಮಾಡುವ ಕಲಮು 146. ಬದಲಾಯಿಸುವುದು ಕೋರ್ಟು, ಗಂಡನಲ್ಲ. ಹೊಸ ಆದೇಶ ಬರುವವರೆಗೆ ಹಳೆಯದನ್ನು ಅವನು ಪಾಲಿಸಲೇಬೇಕು. ಕೌಟುಂಬಿಕ ದೌರ್ಜನ್ಯದ 2005ರ ಕಾಯಿದೆಯಡಿ ಆದೇಶ ಸಿಕ್ಕಿದ್ದರೆ ಅಲ್ಲಿಯೂ 25ನೇ ಕಲಮಿನಲ್ಲಿ ಇದೇ ದಾರಿ ಇದೆ.

ಒಂದು ಮಾತು ಮುಚ್ಚಿಡಬಾರದು. ಈ ಕಲಮು ಎರಡೂ ಕಡೆಗೆ ಕೊಯ್ಯುತ್ತದೆ. ಊಟ ವಸತಿ ಪೂರಾ ಉಚಿತವಾಗಿದ್ದರೆ, ಕಡಿಮೆ ಮಾಡಿ ಎಂದು ಅವನೂ ಅರ್ಜಿ ಹಾಕಬಹುದು. ಫೀಸು ಕಟ್ಟುವ ಶಾಲೆಯಾದರೆ, ಹೆಚ್ಚಿಸಿ ಎಂದು ನಾವು ಕೇಳಬಹುದು. ಯಾರ ಬಳಿ ಚೀಟಿ ಇದೆಯೋ ಅವರ ಮಾತು ನಿಲ್ಲುತ್ತದೆ. ಆದ್ದರಿಂದ ಫೀಸಿನ ರಸೀದಿ, ಔಷಧಿ ಬಿಲ್ಲು, ಬಸ್ ಟಿಕೇಟು ಎಲ್ಲವನ್ನೂ ಒಂದು ಚೀಲದಲ್ಲಿಡಿ. ಸಂಘದ ಪುಸ್ತಕ ಬರೆಯುವ ಕೈ ಈ ಲೆಕ್ಕವನ್ನೂ ಬರೆಯಲಿ.

ರಜನೀಶ್ ಮತ್ತು ನೇಹಾ ಮೊಕದ್ದಮೆಯಲ್ಲಿ 2020ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ: ಗಂಡ ಹೆಂಡತಿ ಇಬ್ಬರೂ ಆಸ್ತಿ ಆದಾಯವನ್ನು ಪ್ರಮಾಣಪತ್ರದಲ್ಲಿ ತಿಳಿಸಬೇಕು, ಮಕ್ಕಳ ಓದಿನ ಖರ್ಚನ್ನು ಸಾಮಾನ್ಯವಾಗಿ ತಂದೆ ಹೊರಬೇಕು, ತಾಯಿಗೂ ಸಾಕಷ್ಟು ದುಡಿಮೆಯಿದ್ದರೆ ಅದಕ್ಕೆ ತಕ್ಕಂತೆ ಹಂಚಬಹುದು. "ನನಗೆ ಏನೂ ಇಲ್ಲ" ಎನ್ನುವವನು ಇನ್ನು ಬರೆದು ಸಹಿ ಹಾಕಿ ಹೇಳಬೇಕು.

ವಯಸ್ಸಿನ ಮಾತು. 144ನೇ ಕಲಮಿನಲ್ಲಿ ಮಕ್ಕಳಿಗೆ 18ರವರೆಗೆ. ಅಂಗವಿಕಲರಾಗಿ ದುಡಿಯಲಾಗದವರಿಗೆ ಆಮೇಲೂ ಉಂಟು. ತನ್ನನ್ನು ತಾನು ಸಾಕಿಕೊಳ್ಳಲಾಗದ ಮದುವೆಯಾಗದ ಹಿಂದೂ ಮಗಳಿಗೆ 1956ರ ಕಾಯಿದೆಯ 20ನೇ ಕಲಮು 18ರ ನಂತರವೂ ಹಕ್ಕು ಕೊಡುತ್ತದೆ. ಪಿಯುಸಿ ಮುಗಿಯಿತು, ಓದು ಸಾಕು ಎನ್ನಬೇಡಿ.

ಈಗ ಆ ತಾಯಿಯ ಕಥೆಗೆ ಬರೋಣ. ಬಾಕಿ ವಸೂಲಿಗೆ ವಾರಂಟು ಕೇಳಲು, ಹಣ ಸಲ್ಲಬೇಕಾದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಅವಳು ತಡ ಮಾಡಿದ್ದರಿಂದ ಮೊದಲ ಎರಡು ತಿಂಗಳ ಹಣಕ್ಕೆ ಆ ದಾರಿ ಮುಚ್ಚಿತು. ಉಳಿದ ಹನ್ನೆರಡು ತಿಂಗಳಿಗೆ ಅರ್ಜಿ ಬಿತ್ತು. ಅವಳ ಮೌನದ ಬೆಲೆ ಎರಡು ತಿಂಗಳು.

ವಕೀಲರ ಫೀಸಿಗೆ ಹೆದರಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯಂತೆ ಹೆಂಗಸರಿಗೂ ಮಕ್ಕಳಿಗೂ ವರಮಾನ ಎಷ್ಟೇ ಇರಲಿ ಉಚಿತ ನೆರವುಂಟು. ತಾಲ್ಲೂಕು ಕೋರ್ಟಿನಲ್ಲಿ ಕಾನೂನು ಸೇವಾ ಸಮಿತಿಯನ್ನು ಕೇಳಿ. ಒಬ್ಬಳೇ ಹೋಗಬೇಡಿ, ಸಂಘದ ಇಬ್ಬರು ಜೊತೆಗಿರಲಿ.

ಮುಂದಿನ ವಾರದ ಸಭೆಯಲ್ಲಿ ಸಾಲದ ಕಂತಿನ ಲೆಕ್ಕ ಮುಗಿದ ಮೇಲೆ ಒಂದು ಪ್ರಶ್ನೆ ಕೇಳಿ: ಯಾರ ಮಗುವಿನ ಹಣ ನಿಂತಿದೆ? ನಿಂತು ಎಷ್ಟು ತಿಂಗಳಾಯಿತು?